ಊರ ಮನೆ ನೋಡಿಕೊಳ್ಳುವವರಿಗೂ ಒಂದು ಕಾನೂನು ಬೇಕು

ಅಜ್ಜಂಪುರದಲ್ಲಿ ಬಾಡಿಗೆ ಮನೆ ಹುಡುಕುವವರು ಮನೆ ಯಾರದು ಎಂದು ಕೇಳುವ ಮೊದಲು ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುತ್ತಾರೆ. ಮನೆಯ ಯಜಮಾನರು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುತ್ತಾರೆ, ಕೆಲವರು ಅಮೆರಿಕದಲ್ಲಿ. ಅಂತರಘಟ್ಟೆ ಅಮ್ಮನ ಜಾತ್ರೆಗೆ, ಮದುವೆಗೆ, ತಿಥಿಗೆ ಬಂದು ಹೋಗುತ್ತಾರೆ. ಉಳಿದ ದಿನವೆಲ್ಲ ಮನೆ ಇನ್ನೊಬ್ಬರ ಸುಪರ್ದಿನಲ್ಲಿ. ಅವರು ದೂರದ ನೆಂಟರಿರಬಹುದು, ಎದುರು ಮನೆಯವರಿರಬಹುದು, ಅಂಗಡಿ ಇಟ್ಟುಕೊಂಡು ಜೊತೆಗೆ ನಾಲ್ಕಾರು ಮನೆ ನೋಡಿಕೊಳ್ಳುವವರಿರಬಹುದು. ಬಾಡಿಗೆದಾರರನ್ನು ಗೊತ್ತು ಮಾಡುವುದು, ಅಡ್ವಾನ್ಸ್ ಇಸಿದುಕೊಳ್ಳುವುದು, ತಿಂಗಳ ಬಾಡಿಗೆ ವಸೂಲಿ, ಹೆಂಚು ಒಡೆದರೆ ಹೊದಿಸುವುದು, ಪಟ್ಟಣ ಪಂಚಾಯಿತಿಗೆ ಕಂದಾಯ ಕಟ್ಟುವುದು, ತೋಟದಲ್ಲಿ ಕಾಯಿ ಕೀಳಿಸುವಾಗ ನಿಂತು ಎಣಿಸುವುದು, ಎಲ್ಲ ಅವರದೇ ಜವಾಬ್ದಾರಿ.

ತರೀಕೆರೆಯಿಂದ ಬೇರೆಯಾಗಿ ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ಈ ಕೆಲಸ ಹೆಚ್ಚಾಗಿದೆ. ಕಚೇರಿಗಳು ಬಂದರೆ ನೌಕರರು ಬರುತ್ತಾರೆ, ನೌಕರರಿಗೆ ಮನೆ ಬೇಕು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಹಾದಿರುವ ಸೀಮೆಯಲ್ಲಿ ನೀರಿನ ಆಸೆ ಹುಟ್ಟಿದ ಮೇಲೆ ಜಮೀನನ್ನು ಮಾರದೆ ಉಳಿಸಿಕೊಳ್ಳಬೇಕು ಎನ್ನುವವರೂ ಹೆಚ್ಚು. ಕಡೂರು, ಬೀರೂರು, ತರೀಕೆರೆಯ ಕಥೆಯೂ ಬೇರೆಯಲ್ಲ. ಇಷ್ಟು ಮನೆ, ಮಳಿಗೆ, ತೋಟಗಳ ಹಣ ಯಾರ ಕೈಯಲ್ಲಿ ಓಡಾಡುತ್ತದೋ ಅವರಿಗೆ ಸರ್ಕಾರದಿಂದ ಒಂದು ಪರವಾನಗಿ, ಕಡೇಪಕ್ಷ ಒಂದು ನೋಂದಣಿ ಬೇಕೇ? ಈಗಿನ ಉತ್ತರ, ಬೇಡ. ಆ ಉತ್ತರ ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೇಗೆ ಬದಲಾಗಬೇಕು ಎನ್ನುವುದಕ್ಕೆ ಮೊದಲು ಈಗ ಏನಿದೆ ಎಂದು ನೋಡೋಣ.

‘ರೇರಾ ಇದೆಯಲ್ಲ’ ಎಂದು ಹಲವರು ಹೇಳುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ ಬಂದದ್ದು 2016ರಲ್ಲಿ, ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ. ಅದರ ಪ್ರಕಾರ ಏಜೆಂಟರು ನೋಂದಣಿ ಮಾಡಿಸಲೇಬೇಕು. ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ಐದು ವರ್ಷ ಚಾಲ್ತಿ. ನೋಂದಣಿ ಇಲ್ಲದೆ ವ್ಯವಹಾರ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ. ಆದರೆ ಆ ಕಾಯ್ದೆಯ ಏಜೆಂಟ್ ಎಂದರೆ ರಿಯಲ್ ಎಸ್ಟೇಟ್ ಯೋಜನೆಯೊಂದರ ನಿವೇಶನ, ಫ್ಲ್ಯಾಟ್, ಕಟ್ಟಡವನ್ನು ಮಾರಿಸಿಕೊಡುವವನು ಮಾತ್ರ. ಅಜ್ಜನ ಕಾಲದ ತೊಟ್ಟಿ ಮನೆಯನ್ನು ತಿಂಗಳ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವವರಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು, ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಬಾಡಿಗೆ ಕರಾರು ಬರವಣಿಗೆಯಲ್ಲೇ ಇರಬೇಕು ಎನ್ನುತ್ತದೆ ಇದು. ಮನೆ ಕೊಡಿಸುವ ಮಧ್ಯವರ್ತಿಗಳು ನೋಂದಣಿ ಮಾಡಿಸಬೇಕು ಎಂದೂ ಹೇಳುತ್ತದೆ. ಕಾಯ್ದೆಯ ದಂಡಗಳನ್ನು ಹೆಚ್ಚಿಸುವ ತಿದ್ದುಪಡಿ ಮಸೂದೆಯನ್ನು ಸರ್ಕಾರ 2025ರಲ್ಲಿ ತಂದಿತು. ಆದರೂ ಕಾಯ್ದೆಯ ಮೂಲದಲ್ಲೇ ಒಂದು ಮಿತಿ ಇದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ವಾಸದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ವಾಣಿಜ್ಯ ಮಳಿಗೆಯಾದರೆ 14 ಚದರ ಮೀಟರಿಗಿಂತ ದೊಡ್ಡದಾದದ್ದು ಅದರ ಹೊರಗೆ. ಕಾಲು ಶತಮಾನದ ಹಿಂದೆ ಇಟ್ಟ ಮೊತ್ತ ಅದು. ಇವತ್ತು ತಾಲ್ಲೂಕು ಕೇಂದ್ರದಲ್ಲಿ 2,000 ರೂಪಾಯಿಗೆ ಸಂಸಾರ ಇರುವಂಥ ಮನೆ ಸಿಗುವುದು ಕಷ್ಟ. ಬಾಡಿಗೆ ಏರಿದಂತೆಲ್ಲ ಮನೆಗಳು ಒಂದೊಂದಾಗಿ ಕಾಯ್ದೆಯ ಕೈಯಿಂದ ಜಾರಿಹೋಗಿವೆ.

ಇದರ ಪಕ್ಕದಲ್ಲಿ ಇನ್ನೊಂದು ಕಾನೂನನ್ನು ಇಟ್ಟು ನೋಡಿ. ಬಾಗಿಲಲ್ಲಿ ವಾಚ್‌ಮನ್ ನಿಲ್ಲಿಸುವ ಖಾಸಗಿ ಭದ್ರತಾ ಏಜೆನ್ಸಿಗೆ 2005ರ ಕಾಯ್ದೆಯ ಪ್ರಕಾರ ಪರವಾನಗಿ ಕಡ್ಡಾಯ. ನಡೆಸುವವರ ಪೂರ್ವಾಪರ ಪರಿಶೀಲನೆಯಾಗಬೇಕು, ಕಾವಲುಗಾರರಿಗೆ ತರಬೇತಿ ಆಗಿರಬೇಕು. ಮನೆಯ ಗೇಟು ಕಾಯಿಸುವವರಿಗೆ ಇಷ್ಟೆಲ್ಲ ನಿಯಮ. ಮನೆಯ ಬಾಡಿಗೆ, ಅಡ್ವಾನ್ಸ್, ಕಾಗದಪತ್ರ, ಫಸಲಿನ ಹಣ ಎಲ್ಲ ಹಿಡಿದು ನಡೆಸುವವರಿಗೆ ಒಂದೂ ಇಲ್ಲ.

ಹೊರದೇಶದಲ್ಲಿ ಹೇಗಿದೆ? ನಮ್ಮವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. ಅಲ್ಲಿ ಬೇರೆಯವರ ಮನೆಯನ್ನು ಸಂಭಾವನೆಗಾಗಿ ಬಾಡಿಗೆಗೆ ಕೊಟ್ಟು, ಬಾಡಿಗೆ ವಸೂಲಿ ಮಾಡಿ ನಿರ್ವಹಿಸಬೇಕಾದರೆ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆ ಕೊಡುವ ಬ್ರೋಕರ್ ಪರವಾನಗಿ ಬೇಕು, ಇಲ್ಲವೇ ಅಂಥವರ ಕೈಕೆಳಗೆ ಕೆಲಸ ಮಾಡಬೇಕು. ಅದಕ್ಕೆ ಓದು, ಅನುಭವ, ಪರೀಕ್ಷೆ ಎಲ್ಲ ಇವೆ. ಮಾಲೀಕರ ಪರವಾಗಿ ಬಂದ ಹಣವನ್ನು ಮೂರು ಕೆಲಸದ ದಿನಗಳೊಳಗೆ ಟ್ರಸ್ಟ್ ಖಾತೆಗೆ ಹಾಕುವುದೋ ಮಾಲೀಕರಿಗೆ ತಲುಪಿಸುವುದೋ ಆಗಬೇಕು. ಸ್ವಂತ ಹಣದ ಜೊತೆ ಬೆರೆಸುವಂತಿಲ್ಲ. ಅದೇ ಕಟ್ಟಡದಲ್ಲಿ ವಾಸವಿದ್ದು ಅದನ್ನು ನೋಡಿಕೊಳ್ಳುವವರಿಗೆ ಈ ಪರವಾನಗಿಯಿಂದ ವಿನಾಯಿತಿ ಇದೆ. ಪಕ್ಕದ ಓರೆಗನ್ ರಾಜ್ಯದಲ್ಲಿ ಆಸ್ತಿ ನಿರ್ವಹಣೆಗೆಂದೇ ಪ್ರತ್ಯೇಕ ಪರವಾನಗಿ ಇದೆ. 60 ಗಂಟೆಯ ಪಾಠ ಮುಗಿಸಿ ಪರೀಕ್ಷೆ ಪಾಸಾಗಬೇಕು. ಅದರ ಪಕ್ಕದ ಐಡಹೊದಲ್ಲಿ ಈ ಕೆಲಸಕ್ಕೆ ಪರವಾನಗಿಯೇ ಬೇಡ. ಒಂದೇ ದೇಶದಲ್ಲಿ ರಾಜ್ಯಕ್ಕೊಂದು ಪದ್ಧತಿ. ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿದಿದೆ. ಪರವಾನಗಿ ಕೇಳದೆ, ಬಾಡಿಗೆ ಏಜೆಂಟರು ದೂರು ಪರಿಹಾರ ವ್ಯವಸ್ಥೆಯೊಂದರ ಸದಸ್ಯರಾಗಿರಬೇಕು ಎಂದು 2014ರಲ್ಲಿ, ಗ್ರಾಹಕರ ಹಣಕ್ಕೆ ರಕ್ಷಣೆ ಒದಗಿಸಿರಬೇಕು ಎಂದು 2019ರಲ್ಲಿ ಕಡ್ಡಾಯ ಮಾಡಿತು.

ಇವನ್ನೆಲ್ಲ ಒಟ್ಟಿಗೆ ನೋಡಿದಾಗ ಪರವಾನಗಿಯ ತಿರುಳು ಏನೆಂದು ತಿಳಿಯುತ್ತದೆ. ಯಾರು ಈ ಕೆಲಸ ಮಾಡುತ್ತಿದ್ದಾರೆ ಎಂಬುದು ಸಾರ್ವಜನಿಕ ದಾಖಲೆಯಲ್ಲಿರಬೇಕು. ಒಡೆಯರ ಹಣ ಬೇರೆ, ನೋಡಿಕೊಳ್ಳುವವರ ಹಣ ಬೇರೆ ಇರಬೇಕು. ತಕರಾರು ಬಂದರೆ ಹೋಗಿ ಹೇಳಿಕೊಳ್ಳಲು ಒಂದು ಬಾಗಿಲು ಇರಬೇಕು. ಪರೀಕ್ಷೆ, ಪ್ರಮಾಣಪತ್ರ ಎಲ್ಲ ಇದರ ನಂತರದ ಮಾತು. ಈ ಮೂರೂ ನಮ್ಮಲ್ಲಿಲ್ಲ. ಮೂರನ್ನೂ ತರಲು ದೊಡ್ಡ ಇಲಾಖೆ ಕಟ್ಟಬೇಕಾಗಿಯೂ ಇಲ್ಲ.

ಬೇಕಾದ ಮಾದರಿ ದೆಹಲಿಯಲ್ಲೇ ಸಿದ್ಧವಾಗಿದೆ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆದಾರಿಕೆ ಕಾಯ್ದೆಯಲ್ಲಿ ‘ಪ್ರಾಪರ್ಟಿ ಮ್ಯಾನೇಜರ್’ ಎಂಬ ವ್ಯಕ್ತಿಗೆ ಹೆಸರಿದೆ, ಕೆಲಸವಿದೆ, ಹೊಣೆಯಿದೆ. ಮಾಲೀಕರು ಅಂಥವರನ್ನು ನೇಮಿಸಿದರೆ ಅವರ ಹೆಸರು, ಅವರಿಗೆ ಕೊಟ್ಟ ಅಧಿಕಾರದ ಪುರಾವೆ, ಯಾವ ಯಾವ ಕೆಲಸಕ್ಕೆ ಅಧಿಕಾರ ಎಂಬ ವಿವರವನ್ನು ಬಾಡಿಗೆದಾರರಿಗೆ ಕೊಡಬೇಕು. ರಸೀದಿ ಕೊಟ್ಟು ಬಾಡಿಗೆ ಪಡೆಯುವುದು, ಅಗತ್ಯ ರಿಪೇರಿ ಮಾಡಿಸುವುದು, ಆಗಾಗ ಮನೆ ನೋಡುವುದು, ನೋಟಿಸ್ ಕೊಡುವುದು, ಜಗಳ ಬಂದರೆ ಬಗೆಹರಿಸಲು ನೆರವಾಗುವುದು ಅವರ ಕೆಲಸ. ತಪ್ಪಿ ನಡೆದರೆ ಮಾಲೀಕರಾಗಲಿ ಬಾಡಿಗೆದಾರರಾಗಲಿ ಬಾಡಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ನ್ಯಾಯಾಲಯ ಅವರನ್ನು ತೆಗೆದುಹಾಕಬಹುದು, ಆದ ನಷ್ಟ ತುಂಬಿಸಬಹುದು. ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂಬ ಮಾತೂ ಅದರಲ್ಲಿದೆ. ಮನೆ, ಜಮೀನು ರಾಜ್ಯದ ವಿಷಯವಾದ್ದರಿಂದ ಆಯಾ ರಾಜ್ಯವೇ ಇದನ್ನು ಕಾನೂನಾಗಿ ಮಾಡಿಕೊಳ್ಳಬೇಕು. ನೆರೆಯ ತಮಿಳುನಾಡು 2017ರಲ್ಲೇ ಹೊಸ ಬಾಡಿಗೆ ಕಾಯ್ದೆ ಮಾಡಿ 2019ರ ಫೆಬ್ರುವರಿಯಲ್ಲಿ ಜಾರಿಗೆ ತಂದಿತು. ನಾವು 1999ರ ಕಾಯ್ದೆಗೆ ತೇಪೆ ಹಚ್ಚುತ್ತಿದ್ದೇವೆ.

ಹಾಗಾದರೆ ಇವತ್ತು ಏನೂ ರಕ್ಷಣೆ ಇಲ್ಲವೇ? ಇದೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆನ್ಸಿಗೆ ಸಂಬಂಧಪಟ್ಟ ಒಂದು ಇಡೀ ಅಧ್ಯಾಯವಿದೆ. ಇನ್ನೊಬ್ಬರ ಪರವಾಗಿ ವ್ಯವಹಾರ ಮಾಡುವವರು ಹೇಳಿದಂತೆ ನಡೆಯಬೇಕು, ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು, ತೊಡಕು ಬಂದರೆ ತಿಳಿಸಿ ಸೂಚನೆ ಪಡೆಯಬೇಕು, ಬಂದ ಹಣವನ್ನು ತಮಗೆ ಬರಬೇಕಾದದ್ದು ಕಳೆದು ತಲುಪಿಸಬೇಕು ಎನ್ನುತ್ತದೆ ಅದು. ಒಡೆಯರಿಗೆ ತಿಳಿಸದೆ ಅವರ ಆಸ್ತಿಯಲ್ಲಿ ಸ್ವಂತ ಲಾಭದ ವ್ಯವಹಾರ ಮಾಡಿಕೊಂಡರೆ ಆ ಲಾಭವನ್ನೂ ಒಡೆಯರು ಕೇಳಬಹುದು. ಲೆಕ್ಕ ಕೇಳಿ ಅವರು ಕೊಡಲ್ಲ ಎಂದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಸಂಭಾವನೆ ಪಡೆದು ಮನೆ ನೋಡಿಕೊಳ್ಳುವವರ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೂ ಹೋಗಬಹುದು. ದೂರುದಾರರು ತಾವು ವಾಸವಿರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಮಾಡಿದೆ.

ಆದರೆ ಕಾನೂನು ಕೈಗೆ ಸಿಗಬೇಕಾದರೆ ಕಾಗದ ಇರಬೇಕು. ನಮ್ಮ ಕಡೆ ಎಡವುವುದು ಇಲ್ಲೇ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಮುಂದಿನ ಕೋಣೆ ಟೈಲರ್ ಅಂಗಡಿಗೆ, ಹಿಂದಿನ ಭಾಗ ಶಾಲೆಯ ಮೇಷ್ಟರ ಸಂಸಾರಕ್ಕೆ, ಊರಾಚೆ ಎರಡು ಎಕರೆ ತೆಂಗು. ನೋಡಿಕೊಳ್ಳುವವರ ಹತ್ತಿರ ಒಂದು ನೋಟ್‌ಬುಕ್ಕು. ಅದರಲ್ಲಿ ಬಾಡಿಗೆ ಬಂದ ತಾರೀಖು ಇದೆ, ತಿಂಗಳಿಲ್ಲ. ‘ಮೋಟರ್ ವೈಂಡಿಂಗ್’ ಎಂದು ಒಂದು ಮೊತ್ತ ಇದೆ, ಬಿಲ್ಲಿಲ್ಲ. ಕಾಯಿ ಕಿತ್ತ ಕೂಲಿ ಬರೆದಿದೆ, ಎಷ್ಟು ಕಾಯಿ ಬಂತು, ಯಾರಿಗೆ ಹೋಯಿತು ಬರೆದಿಲ್ಲ. ಅಡ್ವಾನ್ಸ್ ಎರಡು ವರ್ಷದ ಹಿಂದೆಯೇ ಬಂದಿದೆ, ಅದು ಒಡೆಯರ ಖಾತೆಗೆ ಹೋಯಿತೋ ಹೆಂಚು ಹೊದಿಸಲು ಖರ್ಚಾಯಿತೋ ಇಬ್ಬರಿಗೂ ನೆನಪಿಲ್ಲ. ಇಲ್ಲಿ ಯಾರೂ ಮೋಸ ಮಾಡಿಲ್ಲದಿರಬಹುದು. ಆದರೂ ಮೇಷ್ಟರಿಗೆ ವರ್ಗವಾಗಿ ಅಡ್ವಾನ್ಸ್ ವಾಪಸ್ ಕೇಳಿದ ದಿನ ನೆಂಟಸ್ತಿಕೆ ಮುರಿಯುತ್ತದೆ. ಪ್ರತಿ ಬಾಬ್ತಿಗೂ ತಾರೀಖು, ಮೊತ್ತ, ಯಾರಿಂದ ಯಾರಿಗೆ ಎಂಬ ಮೂರು ಕಲಂ, ಜೊತೆಗೆ ಬಿಲ್ಲಿನ ಒಂದು ಫೋಟೋ ಇದ್ದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ.

ಒಡೆಯರು ಹೆಚ್ಚು ಹೆದರುವುದು ಇನ್ನೊಂದಕ್ಕೆ. ನೋಡಿಕೊಳ್ಳಲು ಬಿಟ್ಟವರೇ ‘ಇದು ನನ್ನ ಸ್ವಾಧೀನ’ ಎಂದುಬಿಟ್ಟರೆ? ಈ ಭಯದಿಂದ ಒಳ್ಳೆಯ ಮನೆಗಳಿಗೆ ಬೀಗ ಬಿದ್ದು ಗೆದ್ದಲು ಹಿಡಿಯುತ್ತಿದೆ. ಸುಪ್ರೀಂ ಕೋರ್ಟ್ 2012ರಲ್ಲಿ, ಗೋವಾದಿಂದ ಬಂದ ಮಾರಿಯಾ ಮಾರ್ಗರಿಡಾ ಸಿಕ್ವೇರಾ ಫರ್ನಾಂಡಿಸ್ ಪ್ರಕರಣದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ನೋಡಿಕೊಳ್ಳಲೆಂದು, ಕಾವಲಿಗೆಂದು, ಕೆಲಸಕ್ಕೆಂದು ಇದ್ದವರು ಎಷ್ಟು ವರ್ಷ ಇದ್ದರೂ ಆಸ್ತಿಯಲ್ಲಿ ಅವರಿಗೆ ಹಕ್ಕು ಹುಟ್ಟುವುದಿಲ್ಲ, ಅವರ ಸ್ವಾಧೀನ ಒಡೆಯರ ಪರವಾದ ಸ್ವಾಧೀನವೇ. ಆದರೆ ಅವರು ಬಂದದ್ದು ನೋಡಿಕೊಳ್ಳಲೆಂದೇ ಎಂದು ತೋರಿಸಬೇಕಲ್ಲ, ಅದಕ್ಕೆ ಒಂದು ಹಾಳೆಯ ಒಪ್ಪಂದ ಬೇಕು. ‘ಇಂಥ ಮನೆ, ಇಂಥ ಕೆಲಸ, ತಿಂಗಳಿಗೆ ಇಷ್ಟು ಸಂಭಾವನೆ, ವಾಸಕ್ಕೆ ಬಿಟ್ಟಿದ್ದರೆ ಅದು ಈ ಕೆಲಸ ಇರುವವರೆಗೆ’ ಎಂದು ಬರೆದು, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿ ಹಾಕಿಸಿದರೆ ಬಹುಪಾಲು ಭಯ ಕಳೆಯುತ್ತದೆ.

ಜಮೀನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಸೈನಿಕರಂಥ ಕೆಲವರನ್ನು ಬಿಟ್ಟರೆ ಯಾರೂ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. 2020ರಲ್ಲಿ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಎಂದಾಯಿತು, ಗೇಣಿಯ ನಿಷೇಧ ಹಾಗೇ ಉಳಿಯಿತು. ಆದ್ದರಿಂದ ‘ತೋಟ ಐದು ವರ್ಷ ನಿನಗೆ ಗುತ್ತಿಗೆ’ ಎಂಬ ಬಾಯಿಮಾತು ಇಬ್ಬರಿಗೂ ಅಪಾಯ. ಮರದ ಮೇಲಿನ ಫಸಲನ್ನು ಆ ವರ್ಷಕ್ಕೆ ಚೇಣಿಗೆ ಕೊಡುವುದು ಬೇರೆ, ಭೂಮಿಯನ್ನೇ ಕೊಡುವುದು ಬೇರೆ. ಕಾಗದದಲ್ಲಿ ಈ ಎರಡೂ ಕಲಸಿಹೋಗದಂತೆ ನೋಡಿಕೊಳ್ಳಬೇಕು. ಪಹಣಿ ‘ಭೂಮಿ’ ತಂತ್ರಾಂಶದಲ್ಲಿ, ಋಣಭಾರ ಪತ್ರ ‘ಕಾವೇರಿ’ಯಲ್ಲಿ ಮನೆಯಿಂದಲೇ ಸಿಗುತ್ತವೆ. ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಿ. ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಖಾತೆಯೇ ಹೆಸರಿಗಿಲ್ಲದವರು ಇನ್ನೊಬ್ಬರಿಗೆ ಕೊಟ್ಟ ಅಧಿಕಾರ ಕಚೇರಿಗಳಲ್ಲಿ ನಡೆಯುವುದಿಲ್ಲ.

ಅಧಿಕಾರಪತ್ರದ ವಿಷಯದಲ್ಲಿ ಜನ ಉದಾರಿಗಳಾಗುತ್ತಾರೆ. ಬಾಡಿಗೆ ವಸೂಲಿಗೆ ಬೇಕಾದದ್ದು ಒಂದು ಹಿಡಿ ಅಧಿಕಾರ, ಕೊಡುವುದು ಮಾರಾಟ, ಅಡಮಾನ, ದಾನ ಎಲ್ಲವೂ ಇರುವ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಜಿಪಿಎ. ಜಿಪಿಎ ಮೂಲಕ ಮಾಡುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಮಾರುವ ಅಧಿಕಾರ ಬರೆದುಕೊಟ್ಟರೆ ಅದರ ಬಲದಿಂದ ಕ್ರಯಪತ್ರವನ್ನೇ ನೋಂದಾಯಿಸಲು ದಾರಿಯಾಗುತ್ತದೆ. ಯಾವ ಕೆಲಸವೋ ಅಷ್ಟಕ್ಕೇ ಬರೆಯಿರಿ. ಹೊರದೇಶದಲ್ಲಿರುವವರು ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಅಥವಾ ಅಲ್ಲಿನ ನೋಟರಿಯ ಎದುರು ಸಹಿ ಮಾಡಬೇಕು. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಮುಗಿಯುತ್ತದೆ, ಮಕ್ಕಳು ಹೊಸದಾಗಿ ಬರೆದುಕೊಡಬೇಕು. ನೋಡಿಕೊಳ್ಳುವವರನ್ನು ಬದಲಿಸಿದರೆ ಬಾಡಿಗೆದಾರರಿಗೆ ಆ ದಿನವೇ ಬರವಣಿಗೆಯಲ್ಲಿ ತಿಳಿಸಿ. ತಿಳಿಯದೆ ಹಳಬರಿಗೇ ಬಾಡಿಗೆ ಕೊಟ್ಟ ಬಾಡಿಗೆದಾರರನ್ನು ಕಾನೂನು ರಕ್ಷಿಸುತ್ತದೆ. ಮಾಲೀಕರು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾಗಿದ್ದರೆ ಬಾಡಿಗೆ ಕೊಡುವವರು ತೆರಿಗೆ ಮುರಿದುಕೊಂಡು ಕೊಡಬೇಕು. ಸಣ್ಣ ಊರಿನ ಟೈಲರಿಗೂ ಮೇಷ್ಟರಿಗೂ ಇದನ್ನು ಹೇಳುವವರು ಯಾರು? ತಿಳಿದ ನಿರ್ವಾಹಕರೊಬ್ಬರು ಇದ್ದರೆ ಹೇಳುತ್ತಿದ್ದರು. ಓರೆಗನ್ನಿನ 60 ಗಂಟೆಯ ಪಾಠದ ಬೆಲೆ ಇಂಥ ಕಡೆ ಗೊತ್ತಾಗುತ್ತದೆ.

ನೋಡಿಕೊಳ್ಳುವವರ ಕಡೆಯ ನ್ಯಾಯವನ್ನೂ ಹೇಳಲೇಬೇಕು. ಪರವಾನಗಿ ಎಂದ ಕೂಡಲೇ ಕಳ್ಳರನ್ನು ಹಿಡಿಯುವ ಕ್ರಮ ಎಂದು ತಿಳಿಯಬಾರದು. ಊರಿನಲ್ಲಿ ಈ ಕೆಲಸ ಮಾಡುವವರಲ್ಲಿ ಬಹುಪಾಲು ಜನ ದಾಕ್ಷಿಣ್ಯಕ್ಕೆ ಸಿಕ್ಕವರು. ಮಳೆಗಾಲದ ರಾತ್ರಿ ಸೋರುವ ಮನೆಗೆ ಓಡುವವರು, ಬಾಡಿಗೆದಾರರ ಬೈಗುಳವನ್ನೂ ಒಡೆಯರ ಅನುಮಾನವನ್ನೂ ಸಹಿಸಿಕೊಳ್ಳುವವರು ಅವರು. ಕೈಯಿಂದ ಹಾಕಿದ ರಿಪೇರಿ ಹಣ ವಾಪಸ್ ಬರಲು ಮುಂದಿನ ಜಾತ್ರೆಯವರೆಗೆ ಕಾಯುತ್ತಾರೆ. ಒಡೆಯರು ತೀರಿಕೊಂಡು ಮಕ್ಕಳು ಬಂದಾಗ ‘ನಿಮಗೆ ಅಧಿಕಾರ ಕೊಟ್ಟವರು ಯಾರು’ ಎನ್ನಿಸಿಕೊಳ್ಳುತ್ತಾರೆ. ಹೇಳಿದ ಕೆಲಸವನ್ನು ಕಾನೂನಿನ ಮಿತಿಯಲ್ಲಿ ಮಾಡಿದ್ದಕ್ಕೆ ಏಜೆಂಟರಿಗಾದ ನಷ್ಟವನ್ನು ಒಡೆಯರು ತುಂಬಿಕೊಡಬೇಕು ಎಂದು 1872ರ ಅದೇ ಕಾಯ್ದೆ ಹೇಳುತ್ತದೆ. ತಮಗೆ ಬರಬೇಕಾದದ್ದನ್ನು ಮುರಿದುಕೊಳ್ಳುವ ಹಕ್ಕನ್ನೂ ಕೊಡುತ್ತದೆ. ನೋಂದಣಿ ಬಂದರೆ ಈ ಹಕ್ಕುಗಳಿಗೆ ಜೀವ ಬರುತ್ತದೆ, ಊರಿನ ಓದಿದ ಹುಡುಗ ಹುಡುಗಿಯರಿಗೆ ಇದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕಸುಬಾಗುತ್ತದೆ. ಬೆಂಗಳೂರಿಗೆ ಬಸ್ಸು ಹತ್ತದೆ ಇಲ್ಲೇ ಇದ್ದು ಹತ್ತು ಮನೆ, ನಾಲ್ಕು ತೋಟ ನೋಡಿಕೊಂಡು ಬದುಕಬಹುದು.

ಹಾಗಾದರೆ ಎಂಥ ಕಾನೂನು? ರೇರಾದ 25,000 ರೂಪಾಯಿ ಶುಲ್ಕವನ್ನು ಅಜ್ಜಂಪುರದ ಅಂಗಡಿಯವರ ಮೇಲೆ ಹೇರಿದರೆ ಅವರು ಕೆಲಸ ಬಿಡುತ್ತಾರೆ, ಇಲ್ಲವೇ ಕದ್ದು ಮಾಡುತ್ತಾರೆ. ಬೇಕಾದದ್ದು ಹಗುರವಾದ, ಆದರೆ ನಿಜವಾಗಿ ನಡೆಯುವ ನೋಂದಣಿ. ನೆಂಟರ ಮನೆಯನ್ನು, ಸಂಭಾವನೆ ಇಲ್ಲದೆ ನೆರೆಯವರ ಮನೆಯನ್ನು ನೋಡಿಕೊಳ್ಳುವವರನ್ನು ಬಿಟ್ಟುಬಿಡಲಿ. ಹಣ ಪಡೆದು ಹಲವರ ಆಸ್ತಿ ನಡೆಸುವವರು ಮಾತ್ರ ಸಣ್ಣ ಶುಲ್ಕ ಕಟ್ಟಿ ತಾಲ್ಲೂಕು ಮಟ್ಟದಲ್ಲಿ ಹೆಸರು ಬರೆಸಲಿ, ಆ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ಬಾಡಿಗೆ ಕರಾರಿನಲ್ಲಿ ಅವರ ಹೆಸರು, ಅಧಿಕಾರದ ವಿವರ ಇರಲಿ. ಅಡ್ವಾನ್ಸ್ ಮತ್ತು ಬಾಡಿಗೆಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಆರು ತಿಂಗಳಿಗೊಮ್ಮೆ ಲೆಕ್ಕಪತ್ರ ಕಡ್ಡಾಯವಾಗಲಿ. ದೂರು ಕೇಳುವ ಅಧಿಕಾರ ಬೆಂಗಳೂರಿನಲ್ಲಿರದೆ ತರೀಕೆರೆಯ ಉಪವಿಭಾಗಾಧಿಕಾರಿ ಮಟ್ಟದಲ್ಲೇ ಇರಲಿ. ಕನ್ನಡದಲ್ಲಿ ಒಂದು ಮಾದರಿ ಒಪ್ಪಂದ, ಒಂದು ಮಾದರಿ ಲೆಕ್ಕದ ನಮೂನೆ ಮುದ್ರಿಸಿ ಪ್ರತಿ ಉಪನೋಂದಣಿ ಕಚೇರಿಯಲ್ಲೂ ಸಿಗುವಂತೆ ಮಾಡಲಿ. ಬಾಡಿಗೆ ಕಾಯ್ದೆಯ 2,000, 3,500 ರೂಪಾಯಿಗಳ ಮಿತಿ ಹೋಗದಿದ್ದರೆ ಇದ್ಯಾವುದೂ ನಿಲ್ಲುವುದಿಲ್ಲವಾದ್ದರಿಂದ ಮೊದಲು ಅದನ್ನು ತೆಗೆಯಲಿ.

ದಂಡ ಹೆಚ್ಚಿಸುವ ತಿದ್ದುಪಡಿಯಿಂದ ಸದನಕ್ಕೆ ಬಾಡಿಗೆ ಕಾಯ್ದೆ ಮತ್ತೆ ನೆನಪಾಗಿದೆ. ಮಾದರಿ ಕಾಯ್ದೆಯ ಪ್ರಾಪರ್ಟಿ ಮ್ಯಾನೇಜರ್ ಅಧ್ಯಾಯವನ್ನು ನಮ್ಮ ಊರುಗಳಿಗೆ ಹೊಂದಿಸಿ ಅದಕ್ಕೆ ಸೇರಿಸಿ ಎಂದು ಕಡೂರು, ತರೀಕೆರೆಯ ಶಾಸಕರನ್ನು ಇಲ್ಲಿನ ಜನರೂ, ಹೊರಗೆ ನೆಲೆಸಿರುವ ಇಲ್ಲಿನ ಮಕ್ಕಳೂ ಕೇಳಬೇಕು. ಅದು ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಬಾರಿ ಊರಿಗೆ ಬಂದಾಗ ಬೀಗದ ಕೈ ಹಿಡಿದವರ ಜೊತೆ ಅರ್ಧ ದಿನ ಕುಳಿತು, ಹಳೆಯ ಲೆಕ್ಕ ಚುಕ್ತಾ ಮಾಡಿ, ಒಂದು ಹಾಳೆಯ ಒಪ್ಪಂದ ಬರೆದು, ಅವರ ಸಂಭಾವನೆ ನಿಗದಿ ಮಾಡಿ. ಒಡೆಯರಿಗೂ ಅವರಿಗೂ ಮನೆಯಲ್ಲಿರುವ ಬಾಡಿಗೆದಾರರಿಗೂ ಅಷ್ಟರಿಂದಲೇ ಅರ್ಧ ರಕ್ಷಣೆ ಸಿಗುತ್ತದೆ. ಉಳಿದ ಅರ್ಧವನ್ನು ಕೊಡುವುದು ಸರ್ಕಾರದ ಕರ್ತವ್ಯ.